ಅರ್ಧ ಕೊಯ್ದ ರೆಕ್ಕೆ

"ಆ ಗರಗಸ ಕೆಳಗಿಡು ಐಡಾ. ಇವತ್ತು ರೆಕ್ಕೆ ಕೊಯ್ಯೋದು ನೀನಲ್ಲ."

ಶೆಡ್ಡಿನ ಬಾಗಿಲಲ್ಲಿ ನಿಂತ ಲೂಥರ್ ಅವಳ ಮುಖ ನೋಡದೆ ಹೇಳಿದ.

ಸಿನಿಮಾಗಳಿಗಾಗಿ ಹಳೇ ಯುದ್ಧವಿಮಾನಗಳನ್ನು ತಾನೇ ಹಾರಿಸಿ ನೆಲಕ್ಕೆ ಬೀಳಿಸುವುದೇ ಅವನ ಕಸುಬು. ಮೇಲಿನ ಮತ್ತು ಕೆಳಗಿನ ರೆಕ್ಕೆಗಳ ನಡುವಿನ ಮರದ ಕಂಬಗಳನ್ನು ಮೊದಲೇ ಅರ್ಧ ಕೊಯ್ದಿಟ್ಟರೆ, ಬಿದ್ದಾಗ ರೆಕ್ಕೆ ಮುರಿದು ಪೆಟ್ಟೆಲ್ಲ ಅದಕ್ಕೇ ಹೋಗುತ್ತದೆ, ಒಳಗಿದ್ದವನು ಬದುಕುತ್ತಾನೆ. ಸ್ವಲ್ಪ ಹೆಚ್ಚು ಕೊಯ್ದರೋ, ಆಕಾಶದಲ್ಲೇ ಮುರಿಯುತ್ತದೆ. ಇಡೀ ಹಾಲಿವುಡ್‌ನಲ್ಲಿ ಆ ಕೆಲಸಕ್ಕೆ ಬಡಗಿಯ ಮಗಳು ಐಡಾಳ ಕೈಯೇ ಕೈ. ಹನ್ನೊಂದು ಸಲ ಲೂಥರ್ ಬಿದ್ದದ್ದು ಆ ಕೈಯನ್ನು ನಂಬಿ.

ಈಗ ನಂಬಿಕೆ ಹೋಯಿತೆ? ಕಳೆದ ಸಲ ಅವನ ಭುಜ ಮುರಿದದ್ದು ನನ್ನಿಂದಲೇ ಅಂದುಕೊಂಡನೆ...?

ಗರಗಸವನ್ನು ಶೆಡ್ಡಿನ ಮುದುಕ ಬಡಗಿ ಓಟಿಸ್‌ಗೆ ಕೊಟ್ಟು ಹೊರಟುಹೋದಳು.

ಮಧ್ಯಾಹ್ನ ಹೊಲದಲ್ಲಿ ವಿಮಾನ ಮೂಗು ಊರಿ ಮಗುಚಿತು. ಸಿನಿಮಾದ ಕಥೆಯಲ್ಲಿ ಪೈಲಟ್ ಸತ್ತವನು, ಲೂಥರ್ ಅಲ್ಲಾಡುವಂತಿಲ್ಲ. ಹಾಗಾಗಿ ಕ್ಷೇಮವಾಗಿದ್ದರೆ ಕ್ಯಾಮೆರಾಕ್ಕೆ ಕಾಣದ ಬದಿಗೆ ಕೈ ಚಾಚುವುದು ಅವರ ಪದ್ಧತಿ. ಐಡಾ ಯಾವಾಗಲೂ ಆ ಬದಿಯಲ್ಲೇ ನಿಲ್ಲುತ್ತಿದ್ದಳು. ಇವತ್ತು ಮುನಿಸಿಕೊಂಡು ಕ್ಯಾಮೆರಾದ ಹಿಂದೆ ನಿಂತಿದ್ದಳು.

ಧೂಳು ಇಳಿಯಿತು. ಕೈ ಕಾಣಲಿಲ್ಲ.

ಹತ್ತು ಎಣಿಸಿದಳು. ಇಲ್ಲ... ದೇವರೇ, ಮುದುಕ ಕೊಯ್ದದ್ದು ಅಳತೆ ತಪ್ಪಿತೋ ಏನೋ!

ಎಲ್ಲ ಮರೆತು ಕ್ಯಾಮೆರಾದ ಎದುರಿಗೇ ಓಡಿಬಿಟ್ಟಳು.

ಲೂಥರ್ ಸೀಟಿನ ಪಟ್ಟಿಯಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ. ಕೈ ಆಚೆ ಬದಿಗೆ ಚಾಚಿಯೇ ಇತ್ತು. ಹಿಂದಿನಿಂದ ನಿರ್ದೇಶಕ ಬಾಯಿಗೆ ಬಂದಂತೆ ಬೈಯುತ್ತಿದ್ದ. ಚಿತ್ರೀಕರಣ ಹಾಳಾಗಿತ್ತು, ನಾಳೆ ಇನ್ನೊಂದು ವಿಮಾನ ಬೀಳಲೇಬೇಕಿತ್ತು.

ಅವನ ತಲೆಗೆ ಹೆಗಲು ಕೊಟ್ಟು ಪಟ್ಟಿ ಬಿಚ್ಚುವಾಗ ಐಡಾಳ ಕಣ್ಣಿಂದ ನೀರು ಸುರಿಯುತ್ತಿತ್ತು. ನನ್ನಿಂದಾಗಿ ಇವನು ಮತ್ತೆ ಸಾವಿನ ಬಾಯಿಗೆ ಹೋಗಬೇಕಲ್ಲ...

"ನನ್ನ ಮೇಲೆ ನಂಬಿಕೆ ಇಲ್ಲ ಅಂತ ಬಾಯಿಬಿಟ್ಟು ಹೇಳಬಹುದಿತ್ತು."

"ಹುಚ್ಚಿ." ಅವನು ನೆಲದಲ್ಲೇ ಕೂತ. "ನೀನು ಕೊಯ್ದು, ನಾನು ಸತ್ರೆ? ಜೀವನವಿಡೀ ನನ್ನ ಕೈಯಿಂದಲೇ ಹೋದ ಅಂತ ಕೊರಗ್ತೀಯ. ಭುಜ ಮುರಿದಾಗಿಂದ ಅದೇ ಯೋಚನೆ ನಂಗೆ. ನಾನು ಪ್ರೀತಿಸೋಳಿಗೆ ಆ ಕೊರಗನ್ನ ಹೇಗೆ ಬಿಟ್ಟುಹೋಗ್ಲಿ?"

ಪ್ರೀತಿಸೋಳು...! ಆ ಮಾತಿಗಾಗಿ ಅವಳು ಎರಡು ವರ್ಷ ಕಾದಿದ್ದಳು.

"ಓಟಿಸ್ ಕೊಯ್ದು ನೀನು ಸತ್ರೆ ನಾನು ಕೊರಗೋದಿಲ್ವಾ?"

ಅವನು ಮುರಿದ ಕಂಬದ ಚೂರೊಂದನ್ನು ಎತ್ತಿ, ಓಟಿಸ್ ಕೊಯ್ದಿದ್ದ ಅಂಚನ್ನು ಬೆರಳಿನಿಂದ ಸವರಿದ.

"ನಾಳೆ ನಾನೇ ಕೊಯ್ತೀನಿ ಲೂಥರ್."

"ಆಯ್ತು. ಆದ್ರೆ ನಿನ್ನ ಜಾಗದಲ್ಲೇ ನಿಂತ್ಕೋ. ಇವತ್ತು ಕೈ ಚಾಚಿದೆ... ಆ ಕಡೆ ನೀನಿರ್ಲಿಲ್ಲ."

ಐಡಾ ಧೂಳು ಮೆತ್ತಿದ್ದ ಆ ಕೈಯನ್ನು ಹಿಡಿದುಕೊಂಡಳು.

"ಇರ್ತೀನಿ" ಅಂದಳು.