ಅಪ್ಪನ ಕಾಮೆಂಟ್

ಜಗಳವಾಡಲೆಂದೇ ಅವಳು ಆಫೀಸಿನಲ್ಲಿ ಅವನ ಮೇಜಿನ ಬಳಿ ಹೋಗಿದ್ದಳು. ಬಸ್ ಬುಕಿಂಗ್ ಪ್ರೋಗ್ರಾಂನಲ್ಲಿ ಪ್ರತಿ ಸೀಟೂ ಎರಡೆರಡು ಸಲ ಬುಕ್ ಆಗಿ, ಗ್ರಾಹಕರ ಮುಂದೆ ಅವಳ ಮಾನ ಹೋಗಿತ್ತು. ಸೀಟು ಬುಕ್ ಮಾಡಲು ಅವನು ಬರೆದ ಕೋಡ್ ತುಣುಕಿನ, ಅಂದರೆ ಫಂಕ್ಷನ್ನಿನ ಮೇಲೆ ಮೌಸ್ ಇಟ್ಟರೆ, ಕೋಡ್ ಬರೆಯುವ ಎಡಿಟರ್ ಹೇಳುತ್ತಿದ್ದುದು ಒಂದೇ ಮಾತು: ‘ಅರ್ಧಕ್ಕೆ ಕೈಬಿಡಬಹುದು, ಮತ್ತೊಮ್ಮೆ ಕರೆಯಿರಿ.’ ಅದನ್ನು ನಂಬಿ ಅವಳು ತನ್ನ ಕೋಡಿನಿಂದ ಫಂಕ್ಷನ್ನನ್ನು ಎರಡು ಸಲ ಕರೆದಿದ್ದಳು. ಫಂಕ್ಷನ್ ಮಾತ್ರ ಮೊದಲ ಸಲಕ್ಕೇ ಕೆಲಸ ಮುಗಿಸಿತ್ತು.

ಕೋಡಿನ ಜೊತೆ ಬರೆದಿಡುವ ಆ ವಿವರಣೆ, ಆ ಕಾಮೆಂಟ್, ತನ್ನದಲ್ಲ, ಅಪ್ಪನದು ಎಂದ ಅವನು. ಆ ಆಫೀಸಿನಲ್ಲಿ ಪೇರೆಂಟ್ ಕ್ಲಾಸಿಗೆ, ಅಂದರೆ ಬೇರೆ ಕೋಡ್ ಹುಟ್ಟಿಕೊಳ್ಳುವ ಮೂಲ ಕೋಡಿಗೆ, ಎಲ್ಲರೂ ‘ಅಪ್ಪ’, ಅದರಿಂದ ಹುಟ್ಟಿದ್ದಕ್ಕೆ ‘ಮಗ’ ಎನ್ನುತ್ತಿದ್ದರು. ಮಗನಿಗೆ ಸ್ವಂತ ಕಾಮೆಂಟ್ ಇಲ್ಲದಿದ್ದರೆ ಎಡಿಟರ್ ಅಪ್ಪನದನ್ನೇ ತೋರಿಸುತ್ತದಂತೆ.

"ಮತ್ತೆ ನೀವ್ಯಾಕೆ ಬರೀಲಿಲ್ಲ? ಬಾಯಿ ಬಿಡದೆ ಕೂತ್ರೆ ಅಪ್ಪನ ಮಾತೇ ಮಗನ ಹಣೆಗೆ ಅಂಟುತ್ತೆ."

ಅವನು ತಲೆಯೆತ್ತಿದ. ಕಿವಿಯ ತುದಿ ಕೆಂಪಾಗಿತ್ತು. ಆ ಕಣ್ಣು ನೋಡಿ ಅವಳ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಉಳಿದರ್ಧ ಇಳಿಯಲು ಎರಡು ತಿಂಗಳ ಕಾಫಿ ಬೇಕಾಯಿತು, ಅಷ್ಟರಲ್ಲಿ ಮನಸ್ಸೂ ಕೈತಪ್ಪಿತ್ತು.

ವಿಷಯ ತಿಳಿದು ಅವಳ ಅಣ್ಣ ಅಲ್ಲಿ ಇಲ್ಲಿ ವಿಚಾರಿಸಿದ. ಹುಡುಗನ ಅಪ್ಪ ಹೆಂಡತಿ ಮಗನನ್ನು ನಡುನೀರಿನಲ್ಲಿ ಬಿಟ್ಟು ಹೋದವನಂತೆ. ಅಪ್ಪನ ಗುಣ ಎಲ್ಲಿಗೆ ಹೋಗುತ್ತದೆ, ಇವನೂ ಅಷ್ಟೇ ಎಂದು ತೀರ್ಪು ಕೊಟ್ಟ. ಮಾತು ಹೇಗೋ ಹುಡುಗನ ಕಿವಿಗೂ ಬಿತ್ತು. ಮರುದಿನದಿಂದ ಅವನು ಕಾಫಿಗೆ ಬರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವಳೇ ಹೋಗಿ ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ನಿಮ್ಮಣ್ಣ ಹೇಳಿದ್ದರಲ್ಲಿ ತಪ್ಪಿಲ್ಲ, ನನಗೂ ಅದೇ ಭಯ ಎಂದು ಅವನು ಪರದೆಯತ್ತ ನೋಡುತ್ತಲೇ ಹೇಳಿದ.

ಅವಳಿಗೆ ಮೈಯೆಲ್ಲ ಉರಿಯಿತು. ಹಾಸಿಗೆ ಹಿಡಿದ ತನ್ನ ಅಮ್ಮನಿಗೆ ಹನ್ನೊಂದು ವರ್ಷ ಕೈಯಾರೆ ತುತ್ತಿಟ್ಟವನು ಬಿಟ್ಟು ಹೋಗುವವನೇ?

"ಅಣ್ಣ ಓದಿದ್ದು ನಿಮ್ಮಪ್ಪನ ಕಾಮೆಂಟು. ನಾನು ಕೋಡ್ ಓದಿದೀನಿ," ಎಂದವಳೇ ಅಣ್ಣನಿಗೆ ಫೋನ್ ಹಚ್ಚಿದಳು. "ಅಣ್ಣಾ, ಸಂಜೆ ಮನೇಲಿರು. ನಾನು ಮದುವೆಯಾಗೋ ಹುಡುಗನ್ನ ಕರ್ಕೊಂಡು ಬರ್ತಿದೀನಿ. ಏನಿದ್ರೂ ಅವರನ್ನೇ ಕೇಳು."

ಅಣ್ಣನ ಕೂಗಾಟ ಫೋನಿನಾಚೆಗೂ ಕೇಳುತ್ತಿತ್ತು. ಅವಳು ಕಟ್ ಮಾಡಿದಳು.

ಅವನು ಬೆಪ್ಪಾಗಿ ಕೂತಿದ್ದ. ನನ್ನನ್ನು ಒಂದು ಮಾತೂ ಕೇಳಲಿಲ್ಲವಲ್ಲ ಎಂದ.

"ಈಗ ಕೇಳ್ತಿದೀನಿ. ನೀನು ಬರ್ತೀಯಾ?"

ಇಷ್ಟು ದಿನ ‘ನೀವು’ ಎನ್ನುತ್ತಿದ್ದವಳ ಬಾಯಲ್ಲಿ ಆ ‘ನೀನು’ ಕೇಳಿ ಅವನ ಕಣ್ಣು ತುಂಬಿತು. ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತ.

"ಬರ್ತೀನಿ. ಬಂದ್ಮೇಲೆ ಬಿಟ್ಟು ಹೋಗೋನಲ್ಲ ನಾನು. ಇದನ್ನ ನಿಮ್ಮಣ್ಣನಿಗೆ ನಾನೇ ಹೇಳ್ತೀನಿ. ನೀನು ಮಧ್ಯ ಬಾಯಿ ಹಾಕಬೇಡ."