ಇಪ್ಪತ್ತೇಳನೇ ಮನೆಯ ಉತ್ತರ

"ಒಂದು ಮಾತಾಡಿದ್ರೆ ಹೊಳೆಗೆ ತಳ್ಳಿಬಿಡ್ತೀನಿ!"

ಗಂಗೆ ತಿರುಗಿಯೂ ನೋಡದೆ ಹೇಳಿದಳು. ಅವಳ ಕಣ್ಣೆಲ್ಲ ಕಾವೇರಿಯ ನೀರಿನ ಮೇಲಿತ್ತು. ಗಾಳದ ದಾರ ಒಮ್ಮೆ ಅಲುಗಿತ್ತು... ಇನ್ನೊಮ್ಮೆ ಅಲುಗಿದರೆ ಎಳೆಯಬೇಕು. ಅಷ್ಟರಲ್ಲಿ ಬೆನ್ನ ಹಿಂದೆ ಚಪ್ಪಲಿಯ ಸದ್ದು!

"ಅಲ್ಲ... ಹೊಸಪಾಳ್ಯಕ್ಕೆ ದಾರಿ ಯಾವುದು ಅಂತ..."

ದಾರ ಸಡಿಲವಾಯಿತು. ಮೀನು ಹೋಯಿತು.

ಗಂಗೆ ಎದ್ದು ನಿಂತಳು. ಎದುರಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಕಾಗದದ ಕಟ್ಟು, ಕಿವಿಯ ಮೇಲೆ ಪೆನ್ಸಿಲ್. ಇಪ್ಪತ್ತಾರು, ಇಪ್ಪತ್ತೇಳರ ಗಂಡಸು. ಮುಖದಲ್ಲಿ ಮಾತ್ರ ಶಾಲೆಗೆ ತಡವಾಗಿ ಬಂದ ಹುಡುಗನ ಗಾಬರಿ.

"ಬೆಳಗ್ಗಿಂದ ಕಾದಿದ್ದೆ ಕಣ್ರೀ! ಯಾರು ನೀವು?"

"ನಾನು ದೇವರಾಜು. ಕೊಡ್ಲಿಪೇಟೆಯವನು. ಸಮೀಕ್ಷಾ ಸಂಘದಿಂದ ಬಂದಿದ್ದೀನಿ. ಮನೆ ಮನೆಗೆ ಹೋಗಿ ಜನರ ಅಭಿಪ್ರಾಯ ಬರ್ಕೊಳ್ಳೋದು ನನ್ನ ಕೆಲಸ."

"ನನ್ನ ಅಭಿಪ್ರಾಯ ಬೇಕಾ? ಬರ್ಕೊಳ್ಳಿ. ನೀವು ಬಂದ ದಾರೀಲೇ ವಾಪಸ್ ಹೋಗೋದು ಒಳ್ಳೇದು!"

ಅವನು ಹೋಗಲಿಲ್ಲ. "ತಪ್ಪಾಯ್ತು" ಎಂದ. ಅಷ್ಟೇ. ಕಾಗದ, ಪೆನ್ಸಿಲ್ ಹಿಡಿದು ಬಂದವನೊಬ್ಬ ತಪ್ಪಾಯ್ತು ಅನ್ನುವುದನ್ನು ಗಂಗೆ ಕೇಳಿದ್ದು ಅದೇ ಮೊದಲು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು!

ಅದು ೧೯೫೫. ಆಗಿನ್ನೂ ಕೊಡಗು ಬೇರೆಯೇ ರಾಜ್ಯ. ಹೊಳೆಯ ಈ ದಡ ಕೊಡಗು, ಆ ದಡ ಮೈಸೂರು. ಎರಡನ್ನೂ ಒಂದು ಮಾಡುತ್ತಾರಂತೆ ಎಂಬ ಸುದ್ದಿ ಕುಶಾಲನಗರದ ಸಂತೆಯಿಂದ ಮಡಿಕೇರಿಯ ಕಚೇರಿವರೆಗೆ ಎಲ್ಲರ ಬಾಯಲ್ಲೂ ಇತ್ತು.

ಕುಶಾಲನಗರದ ಪಕ್ಕದ ಹೊಸಪಾಳ್ಯದಲ್ಲಿ ಮೂವತ್ತೆರಡು ಮನೆ. ಎಲ್ಲರೂ ಹಾಸನ, ಮೈಸೂರು ಕಡೆಯಿಂದ ಬಂದು ಕಾಡು ಕಡಿದು ಉತ್ತವರು. ಉತ್ತ ನೆಲಕ್ಕೆ ಪಟ್ಟಾ ಇನ್ನೂ ಸಿಕ್ಕಿರಲಿಲ್ಲ. ಮೂವತ್ತೆರಡು ಹೆಬ್ಬೆಟ್ಟು ಒತ್ತಿದ ಒಂದೇ ಅರ್ಜಿ ಸೋಮವಾರ ಮಡಿಕೇರಿಗೆ ಹೋಗಬೇಕಿತ್ತು.

ಇಂಥ ಹೊತ್ತಲ್ಲಿ ಬಂದಿದ್ದ ದೇವರಾಜು!

ಅವತ್ತೇ ಊರಿನ ಹಿರಿಯ ಕೆಂಪಣ್ಣ ಎಲ್ಲರನ್ನೂ ಅರಳಿಕಟ್ಟೆಗೆ ಕರೆದ. "ನೋಡ್ರಪ್ಪಾ, ಮೈಸೂರಿಗೆ ಸೇರಬೇಕು ಅಂತ ಒಬ್ಬ ಬಾಯಿಬಿಟ್ರೂ ಕೆಟ್ವಿ. ಹಂಗಾದ್ರೆ ಮೈಸೂರಿಗೇ ನಡೀರಿ, ಇಲ್ಲಿ ಪಟ್ಟಾ ಯಾಕೆ ಅಂತಾರೆ ಕಚೇರಿಯೋರು. ಎಲ್ಲರದ್ದೂ ಒಂದೇ ಮಾತು. ಕೊಡಗು ಬೇರೆಯಾಗೇ ಇರಲಿ. ತಿಳೀತಾ?"

ಎಲ್ಲರೂ ತಲೆಯಾಡಿಸಿದರು. ಗಂಗೆಯ ಅಪ್ಪ ಸಣ್ಣಸ್ವಾಮಿಯೂ ತಲೆಯಾಡಿಸಿದ. ಗಂಗೆ ಮಾತ್ರ ತಲೆಯಾಡಿಸಲಿಲ್ಲ.

ಮಾರನೇ ದಿನದಿಂದ ಊರಿಗೆಲ್ಲ ತಮಾಷೆ. ದೇವರಾಜುವಿನ ಕಾಗದದಲ್ಲಿ ಮೂರು ಪ್ರಶ್ನೆ. ಕೊಡಗು ಮೈಸೂರಿಗೆ ಸೇರಬೇಕೆ? ಸರ್ಕಾರದ ಮೇಲೆ ನಂಬಿಕೆ ಇದೆಯೆ? ಮೂರನೆಯದು, ಬಿಡುವಿನಲ್ಲಿ ನಿಮ್ಮ ಹವ್ಯಾಸ ಏನು?

"ಅಯ್ಯಯ್ಯೋ, ನಮ್ಮ ಮನೇಲಿ ಆ ಥರದ್ದೆಲ್ಲ ಇಲ್ಲ ಸ್ವಾಮಿ!" ಪಕ್ಕದ ಮನೆಯ ಚಲುವಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. "ನಮ್ಮೋರು ಬೀಡಿ ಕೂಡ ಬಿಟ್ಟಿದಾರೆ!"

"ಚಟ ಅಲ್ಲಮ್ಮ... ಖುಷಿಗೆ ಅಂತ ಮಾಡೋದು."

"ಖುಷಿಗಾ? ಮಲಗ್ತೀವಿ!"

ಅವನು ಅದನ್ನೂ ಶ್ರದ್ಧೆಯಿಂದ ಬರೆದುಕೊಂಡ. ಬೇಲಿಯಾಚೆ ಕೇಳುತ್ತಿದ್ದ ಗಂಗೆಗೆ ನಗು ಬಂತು. ತಕ್ಷಣ ನಗು ನುಂಗಿದಳು. ಮೀನು ಓಡಿಸಿದವನಿಗೆ ನಗುವುದೇ!

ಇಪ್ಪತ್ತೇಳನೇ ಮನೆ ಅವಳದು. ಅವನು ಬಂದಾಗ ಅಪ್ಪ ಸಂತೆಗೆ ಹೋಗಿದ್ದ.

"ಮನೆಯಲ್ಲಿರೋ ವಯಸ್ಕರು ಯಾರು ಹೇಳಿದ್ರೂ ಆಗುತ್ತೆ" ಎಂದು ದೇವರಾಜು ಜಗಲಿಯ ತುದಿಯಲ್ಲಿ ಕೂತ. "ಹೆಸರು ಬರೆಯಲ್ಲ. ನೀವು ಹೇಳಿದ್ದು ಈ ಊರಲ್ಲಿ ಯಾರಿಗೂ ಗೊತ್ತಾಗಲ್ಲ. ಮಾತು ಕೊಡ್ತೀನಿ."

"ಹಾಗಾದ್ರೆ ಬರೀರಿ. ಸೇರಬೇಕು."

ಪೆನ್ಸಿಲ್ ನಿಂತಿತು. ಇಪ್ಪತ್ತಾರು ಮನೆಗಳಲ್ಲಿ ಕೇಳಿರದ ಮಾತು!

"ಯಾಕೆ ಅಂತ ಕೇಳಬಹುದಾ?"

ಗಂಗೆ ಹೊಳೆಯ ಕಡೆ ಕೈ ತೋರಿಸಿದಳು. "ನಮ್ಮಕ್ಕ ಸಿದ್ದಮ್ಮನ್ನ ಸೇತುವೆಯಾಚೆ ಕೊಪ್ಪಕ್ಕೆ ಕೊಟ್ಟಿದೀವಿ. ಕೂಗಿದ್ರೆ ಕೇಳುತ್ತೆ, ಅಷ್ಟು ಹತ್ತಿರ. ಹಿಂದೆ ಅಕ್ಕಿಗೆ ಕಂಟ್ರೋಲ್ ಇತ್ತಲ್ಲ? ಆಗ ಅವಳ ಬಾಣಂತನಕ್ಕೆ ಎರಡು ಸೇರು ಅಕ್ಕಿ ಸೆರಗಲ್ಲಿ ಕಟ್ಕೊಂಡು ಹೊರಟೆ. ಸೇತುವೆ ಮೇಲೆ ಕಾವಲಿನವನು ತಡೆದ. ಬೇರೆ ರಾಜ್ಯಕ್ಕೆ ಅಕ್ಕಿ ಹೋಗಂಗಿಲ್ಲ ಅಂದ. ಎಲ್ಲರ ಮುಂದೆ ಸೆರಗು ಬಿಚ್ಚಿಸಿ ಸುರಿಸ್ಕೊಂಡ..."

ಅವಳು ಬರಿಗೈ ಚಾಚಿ ತೋರಿಸಿದಳು. "ಬಾಣಂತಿ ಮುಂದೆ ಬರಿಗೈಲಿ ನಿಂತೆ ಕಣ್ರೀ. ಸರ್ಕಾರದ ಮೇಲೆ ನಂಬಿಕೆ ಇದೆಯಾ ಅಂತ ಕೇಳ್ತೀರಾ? ಇಲ್ಲ. ಬರೀರಿ, ಇಲ್ಲ!"

ದೇವರಾಜು ಪೆನ್ಸಿಲ್ ಕೆಳಗಿಟ್ಟ. ಅಕ್ಕಿಯ ಕಥೆಯ ಒಂದಕ್ಷರವನ್ನೂ ಅವನು ಬರೆಯಲಿಲ್ಲ. ಸುಮ್ಮನೆ ಕೇಳಿದ. ಅವಳು ಕಣ್ಣೊರೆಸಿಕೊಳ್ಳುವವರೆಗೆ ಬೇರೆ ಕಡೆ ನೋಡುತ್ತ ಕೂತಿದ್ದ.

'ಎಲ್ಲವನ್ನೂ ಬರೆಯುವವನು ಇದನ್ನು ಯಾಕೆ ಬರೆಯಲಿಲ್ಲ?' ಗಂಗೆಯ ಎದೆಯಲ್ಲಿ ಏನೋ ಮೆತ್ತಗಾಯಿತು.

"ಹವ್ಯಾಸ?" ಅವನು ಮೆಲ್ಲಗೆ ಕೇಳಿದ.

"ನಿಮಗೆ ಗೊತ್ತಲ್ಲ!"

ಮೊದಲ ಸಲ ಇಬ್ಬರೂ ನಕ್ಕರು. ಆ ನಗುವಿಗೆ ಎರಡು ದಿನದ ಆಯಸ್ಸೂ ಇರಲಿಲ್ಲ...

ಶನಿವಾರ ಸಂಜೆ. ಅರಳಿಕಟ್ಟೆ. ಕೆಲಸ ಮುಗಿಸಿ ಹೊರಟ ದೇವರಾಜುವನ್ನು ಕೆಂಪಣ್ಣ ತಡೆದು ನಿಲ್ಲಿಸಿದ.

"ನಾವು ಹೇಳಿದ್ದೊಂದು, ನೀವು ಬರೆದಿದ್ದೊಂದು ಆಗಿದ್ರೆ? ನಮಗೇನು ಗೊತ್ತು? ಓದಿ ಹೇಳಿ ಸ್ವಾಮಿ!"

ದೇವರಾಜು ಶ್ಯಾನುಭೋಗರ ಕೈಕೆಳಗೆ ಬರವಣಿಗೆ ಕಲಿತವನು. ಮಹಜರು ಅಂದರೆ ಬರೆದದ್ದನ್ನು ಪಂಚರ ಮುಂದೆ ಗಟ್ಟಿಯಾಗಿ ಓದಲೇಬೇಕು. ಓದದ ಕಾಗದಕ್ಕೆ ಬೆಲೆಯಿಲ್ಲ. ಅದು ಅವನ ರಕ್ತದಲ್ಲೇ ಇತ್ತು. ಹೆಸರು ಬರೆದಿಲ್ಲವಲ್ಲ, ಓದಿದರೆ ಜನಕ್ಕೆ ನಂಬಿಕೆ ಬರುತ್ತದೆ ಎಂದುಕೊಂಡ. ಯಾರು ಯಾವ ಮನೆಯವರೆಂದು ತಿಳಿಯದಿರಲಿ ಎಂದು ಹಾಳೆಗಳನ್ನು ಕಲಸಿ, ಒಂದೊಂದಾಗಿ ಓದತೊಡಗಿದ.

"ಬೇರೆಯಾಗಿರಲಿ. ನಂಬಿಕೆ ಇದೆ. ಹವ್ಯಾಸ, ಮಲಗುವುದು."

ಎಲ್ಲರೂ ಚಲುವಮ್ಮನ ಕಡೆ ತಿರುಗಿ ಗೊಳ್ಳೆಂದರು.

"ಬೇರೆಯಾಗಿರಲಿ. ನಂಬಿಕೆ ಇದೆ. ಹವ್ಯಾಸ, ಇಲ್ಲ."

ಓದುತ್ತ ಓದುತ್ತ ಒಂದು ಹಾಳೆ ಬಂತು. "ಸೇರಬೇಕು. ನಂಬಿಕೆ ಇಲ್ಲ. ಹವ್ಯಾಸ, ಗಾಳ ಹಾಕಿ ಮೀನು..."

ಅವನ ನಾಲಿಗೆ ಅಲ್ಲೇ ನಿಂತಿತು. ಆದರೆ ತಡವಾಗಿತ್ತು!

ಊರಲ್ಲಿ ಗಾಳ ಹಾಕುತ್ತಿದ್ದುದು ಒಬ್ಬಳೇ.

ನಗು ನಿಂತಿತು. ಅರವತ್ತು ಕಣ್ಣು ಗಂಗೆಯ ಮೇಲೆ. ಸಣ್ಣಸ್ವಾಮಿ ತಲೆಯ ಮೇಲಿನ ವಸ್ತ್ರ ತೆಗೆದು ಮುಖ ಮುಚ್ಚಿಕೊಂಡ.

"ಮಗಳನ್ನ ಸಾಕಿದ್ದೀಯ, ಭಲೇ!" ಕೆಂಪಣ್ಣ ಎದ್ದು ನಿಂತ. "ನಮ್ಮ ಮೂವತ್ತೊಂದು ಮನೆ ಬಾಯಿಗೆ ಮಣ್ಣು ಹಾಕೋಕೆ! ಅರ್ಜಿಯಿಂದ ಇವರ ಹೆಸರು ಹೊಡೀರಿ. ಪಟ್ಟಾ ಬೇಕಾದ್ರೆ ಇವರೇ ಬೇರೆ ಅರ್ಜಿ ಹಾಕ್ಕೊಳ್ಳಲಿ!"

ಒಂಟಿ ಅರ್ಜಿಯನ್ನು ಕಚೇರಿಯಲ್ಲಿ ಯಾರು ನೋಡುತ್ತಾರೆ? ಹದಿನೈದು ವರ್ಷ ಅಪ್ಪ ಬೆವರು ಸುರಿಸಿದ ನೆಲ!

ಗಂಗೆ ದೇವರಾಜುವಿನತ್ತ ನೋಡಿದಳು. ಅವನು ಹಾಳೆಗಳನ್ನು ಕಟ್ಟಿಗೆ ತುರುಕುತ್ತಿದ್ದ.

'ಮಾತು ಕೊಡ್ತೀನಿ ಅಂದ್ಯಲ್ಲ... ನಾನು ಅತ್ತಿದ್ದನ್ನು ನೋಡಿಯೂ...'

ಭಾನುವಾರ ಬೆಳಗ್ಗೆ ಅವನು ಬಾಗಿಲಿಗೆ ಬಂದ. ಕಣ್ಣು ಕೆಂಪಾಗಿತ್ತು. ಸಣ್ಣಸ್ವಾಮಿಯೇ ಓಡಿಹೋಗಿ ಅವನ ಕೈ ಹಿಡಿದುಕೊಂಡ.

"ಸ್ವಾಮಿ, ತಪ್ಪಾಗಿ ಬರ್ಕೊಂಡೆ ಅಂತ ಹೇಳ್ಬಿಡಿ. ಆ ಹಾಳೆ ತಿದ್ದಿಬಿಡಿ. ನಮ್ಮ ನೆಲ ಉಳಿಯುತ್ತೆ!"

ದೇವರಾಜು ಗಂಗೆಯನ್ನು ನೋಡಿದ. "ನೀವು ಹೂಂ ಅಂದ್ರೆ ತಿದ್ತೀನಿ. ಕೆಲಸ ಹೋದ್ರೂ ಪರವಾಗಿಲ್ಲ."

"ಮುಟ್ಟಿದ್ರೆ ನೋಡಿ!" ಗಂಗೆ ಸಿಡಿದಳು. "ನನ್ನ ಗುಟ್ಟು ಬೀದಿಗೆ ಹಾಕಿದ್ದು ಸಾಲದಾ? ಈಗ ನನ್ನ ಮಾತನ್ನೂ ಸುಳ್ಳು ಮಾಡ್ತೀರಾ?"

"ಗಂಗೆ, ನಾನು ಬೇಕಂತ..."

"ಬೇಕಂತ ಮಾಡಿದ್ರೆ ಕೆಟ್ಟವನು ಅಂತ ಬೈದು ಮರೀತಿದ್ದೆ! ನೀವು ಒಳ್ಳೆಯವರ ಥರ ಕೂತು ಕೇಳಿದ್ರಿ. ಅದು... ಅದಕ್ಕೇ ಉರಿಯೋದು!"

ಅವನು ತಲೆ ತಗ್ಗಿಸಿದ. "ಹೆಸರಿಲ್ಲ ಅಂದ್ರೆ ಸಾಕು ಅಂದ್ಕೊಂಡೆ. ನಿಮ್ಮಂಥೋರು ಊರಿಗೆ ಒಬ್ಬರೇ ಅನ್ನೋದು ಹೊಳೀಲಿಲ್ಲ."

ಆ ಮಾತಿಗೆ ಗಂಗೆಯ ಸಿಟ್ಟು ಒಂದು ಕ್ಷಣ ಜಾರಿತು. ಮರುಕ್ಷಣ ಇನ್ನೂ ಜೋರಾಗಿ ಸಿಡಿದಳು.

"ಓದು ಬರಹ ಕಲಿತು ಏನು ಬಂತು ನಿಮಗೆ? ಮೂರು ವರ್ಷದ ಹಿಂದೆ ಓಟು ಹಾಕಿಸಿದ್ರಲ್ಲ, ಗೋಣಿ ಪರದೆ ಕಟ್ಟಿ! ಒಳಗೆ ಯಾರು ಏನು ಹಾಕಿದ್ರು ಅಂತ ಕೆಂಪಣ್ಣಂಗೂ ಗೊತ್ತಾಗಲಿಲ್ಲ. ನಿಮ್ಮ ಕಾಗದಕ್ಕೆ ಯಾಕೆ ಪರದೆ ಇಲ್ಲ?"

ದೇವರಾಜು ತಲೆ ಎತ್ತಿದ. ಅಲ್ಲಿಂದಲೇ ತಿರುಗಿ, ಬಹುತೇಕ ಓಡುತ್ತಲೇ ಹೋದ.

ಮಧ್ಯಾಹ್ನ ಊರೆಲ್ಲ ಅರಳಿಕಟ್ಟೆಯಲ್ಲಿ ಸೇರಿತ್ತು. ದೇವರಾಜು ನಡುವೆ ನಿಂತಿದ್ದ.

"ತಪ್ಪು ನನ್ನದು. ಗುಟ್ಟಾಗಿಡ್ತೀನಿ ಅಂತ ಮಾತು ಕೊಟ್ಟು ಎಲ್ಲರ ಮುಂದೆ ಓದಿದೆ. ಆ ಹಾಳೆಗಳೆಲ್ಲ ರದ್ದು. ಇನ್ನೊಂದು ಸಲ ಕೇಳ್ತೀನಿ. ಕಾಗದ ಇಲ್ಲ, ಪೆನ್ಸಿಲ್ ಇಲ್ಲ."

ಪಕ್ಕದ ಕೊಟ್ಟಿಗೆಗೆ ಗೋಣಿ ಪರದೆ ಕಟ್ಟಿದ್ದ. ಒಳಗೆ ಬಾಯಿಗೆ ಬಟ್ಟೆ ಬಿಗಿದ ಮಡಕೆ, ಬಟ್ಟೆಯಲ್ಲಿ ಸಣ್ಣ ತೂತು. ಮನೆಗೊಬ್ಬರ ಕೈಗೆ ಒಂದು ಅವರೆಕಾಳು, ಒಂದು ಹುರುಳಿಕಾಳು. ಸೇರಬೇಕಾದರೆ ಅವರೆ ಮಡಕೆಗೆ, ಬೇರೆ ಇರಬೇಕಾದರೆ ಹುರುಳಿ. ಉಳಿದ ಕಾಳನ್ನು ಕೊಟ್ಟಿಗೆಯ ಹಿಂದಿನ ಕೋಳಿಗಳಿಗೆ ಎಸೆಯುವುದು.

"ಕೋಳಿ ಸಾಕ್ಷಿ ಹೇಳಲ್ಲ ಬಿಡಿ" ಎಂದಳು ಚಲುವಮ್ಮ.

ಯಾರೂ ನಗಲಿಲ್ಲ. ಯಾರೂ ಏಳಲೂ ಇಲ್ಲ.

"ಒಂದು ಸಲ ಮೋಸ ಮಾಡಿದವನನ್ನ ಇನ್ನೊಂದು ಸಲ ಯಾಕೆ ನಂಬಬೇಕು?" ಕೆಂಪಣ್ಣ ಗುಡುಗಿದ.

ಹೌದು, ಯಾಕೆ ನಂಬಬೇಕು? ಗಂಗೆಯೂ ಅದನ್ನೇ ಕೇಳಿಕೊಂಡಳು. ಅವನು ಬಿಸಿಲಲ್ಲಿ ಒಬ್ಬನೇ ನಿಂತಿದ್ದ. ಅವನ ಕಡೆ ಒಬ್ಬರೂ ಇರಲಿಲ್ಲ... ನಿನ್ನೆ ಅವಳು ನಿಂತಿದ್ದ ಹಾಗೇ.

ಅವಳು ಎದ್ದಳು.

"ಅವರನ್ನ ನಂಬಬೇಡಿ. ನಾನೂ ನಂಬಲ್ಲ!" ಎಂದಳು ಗಟ್ಟಿಯಾಗಿ. "ಮಡಕೆ ನಮ್ಮದು, ಕಾಳು ನಮ್ಮದು, ಕೋಳಿ ಚಲುವಮ್ಮಂದು. ಅವರು ಕೊಟ್ಟಿಗೆ ಹತ್ತಿರಕ್ಕೂ ಬರಬಾರದು, ಅಲ್ಲೇ ನಿಂತಿರಲಿ. ನನ್ನ ಮಾತು ಹೇಗೂ ಗೊತ್ತಾಗಿದೆ. ಮೊದಲು ನಾನೇ ಹಾಕ್ತೀನಿ."

ಪರದೆ ಸರಿಸಿ ಒಳಗೆ ಹೋಗಿ ಬಂದಳು. ಆಮೇಲೆ ಚಲುವಮ್ಮ ಹೋದಳು. ಆಮೇಲೆ ಒಬ್ಬೊಬ್ಬರೇ... ಕೊನೆಗೆ ಗೊಣಗುತ್ತ ಕೆಂಪಣ್ಣ.

ಮಡಕೆಯನ್ನು ಕಟ್ಟೆಯ ಮೇಲೆ ಬೋರಲು ಹಾಕಿದರು.

ಹುರುಳಿಕಾಳು ಹನ್ನೊಂದು. ಅವರೆಕಾಳು ಇಪ್ಪತ್ತೊಂದು!

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೂಗಿನ ತುದಿಯ ಬೆವರು ಒರೆಸಿಕೊಂಡವರೇ ಹೆಚ್ಚು.

"ಈಗ ಹೇಳಿ ಕೆಂಪಣ್ಣೋರೇ" ಗಂಗೆ ಮೆಲ್ಲಗೆ ಕೇಳಿದಳು, "ಅರ್ಜಿಯಿಂದ ಯಾರ್ಯಾರ ಹೆಸರು ಹೊಡೆಯೋಣ?"

ಕೆಂಪಣ್ಣ ಕಾಳುಗಳನ್ನು ಬೆರಳಲ್ಲಿ ಸರಿಸಿ ಮತ್ತೊಮ್ಮೆ ಎಣಿಸಿದ. ಬಳಿಕ ಕೆಮ್ಮಿದ. "ಸಣ್ಣಸ್ವಾಮೀ, ಬಾರಯ್ಯ. ಮತ್ತೆ ಹೆಬ್ಬೆಟ್ಟು ಒತ್ತು."

ಅಪ್ಪ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳುವಾಗ ಗಂಗೆ ಸುತ್ತ ನೋಡಿದಳು. ದೇವರಾಜು ಇರಲಿಲ್ಲ. ಹೊರಟುಹೋಗಿದ್ದ!

'ಹೋಗಲಿ. ಪೀಡೆ ತೊಲಗಿತು' ಎಂದುಕೊಂಡಳು. ಮನೆಗೆ ಬಂದು, ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ತಿಕ್ಕಿದಳು. ಯಾಕೆ ಅಳು ಬರುತ್ತಿದೆ ಎಂದು ತನ್ನನ್ನೇ ಬೈದುಕೊಂಡಳು.

ಒಂದು ತಿಂಗಳು ಕಳೆಯಿತು. ಅರ್ಜಿ ಮಡಿಕೇರಿ ಸೇರಿತ್ತು. ಒಂದು ದಿನ ಗಂಗೆ ಅಂಗಳದಲ್ಲಿ ರಾಗಿ ಕೇರುತ್ತಿದ್ದಾಗ ಬೇಲಿಯ ಬಳಿ ನೆರಳು ಬಿತ್ತು.

ದೇವರಾಜು! ಅಂಗಿಗೆ ಇಸ್ತ್ರಿ ಇರಲಿಲ್ಲ.

"ಈಗೇನು ಬರ್ಕೊಳ್ಳೋಕೆ ಬಂದ್ರಿ?" ಮೊರ ನಿಲ್ಲಿಸದೆ ಕೇಳಿದಳು.

"ಏನೂ ಇಲ್ಲ. ನಾನು ಮಾತು ತಪ್ಪಿದ್ದನ್ನ ಸಂಘಕ್ಕೆ ನಾನೇ ಬರೆದು ತಿಳಿಸಿದೆ. ಕೆಲಸದಿಂದ ತೆಗೆದ್ರು. ಸೋಮವಾರಪೇಟೆ ಹತ್ತಿರ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ದೀನಿ."

"ಯಾರೂ ಕೇಳದೆ ಯಾಕೆ ಬರೆದ್ರಿ? ದಡ್ಡರಾ ನೀವು?"

"ಇರಬೇಕು." ಅವನು ಒಂದು ಹೆಜ್ಜೆ ಮುಂದೆ ಬಂದ. "ಅವತ್ತು ಹೇಳದೇ ಹೋಗಿದ್ದು, ನಿಮ್ಮ ಮುಖ ನೋಡೋ ಧೈರ್ಯ ಇಲ್ಲದೆ. ಆದ್ರೆ ಈ ಒಂದು ತಿಂಗಳು ನಿಮ್ಮ ಬೈಗುಳ ಕೇಳದೆ... ಇರೋಕಾಗಲಿಲ್ಲ ಗಂಗೆ. ನೀವು ಒಪ್ಪೋ ಹಾಗಿದ್ರೆ ನಿಮ್ಮಪ್ಪನ ಹತ್ತಿರ ಮಾತಾಡ್ತೀನಿ. ಇಲ್ಲ ಅಂದ್ರೆ ಮೂರು ಗಂಟೆ ಬಸ್ಸಿಗೆ ಹೋಗ್ತೀನಿ."

ಮೊರ ನಿಂತಿತು.

"ಅಪ್ಪ ಹಿತ್ತಲಲ್ಲಿದಾರೆ" ಎಂದಳು, ರಾಗಿಯನ್ನೇ ನೋಡುತ್ತ.

ಅವನಿಗೆ ನಂಬಲಾಗಲಿಲ್ಲ. ಎರಡು ಹೆಜ್ಜೆ ನಡೆದವನು ನಿಂತ. "ಗಂಗೆ... ನನ್ನ ಮೇಲೆ ಕೋಪ ಹೋಯ್ತಾ?"

"ಎಲ್ಲಿ ಹೋಗುತ್ತೆ? ಬೇಕಾದಷ್ಟಿದೆ!"

"ಎಷ್ಟು ದಿನ ಇರುತ್ತೆ?"

ಅವಳು ತಲೆ ಎತ್ತಿದಳು. ಕಣ್ಣು ತುಂಬಿತ್ತು, ತುಟಿ ಮಾತ್ರ ಬಿಗಿದಿತ್ತು.

"ನನಗೇನು ಗೊತ್ತು... ಹತ್ತಿರ ಇದ್ದು ನೋಡ್ಕೊಳ್ಳಿ."