ಕೂದಲೆಳೆಗೆ ಸಿಕ್ಕ ಮಂಟಪಗಳು

ಬಹಳ ಹಿಂದೆ, ಬೆಟ್ಟಕ್ಕೂ ಮೋಡಕ್ಕೂ ನಡುವೆ ತೇಲಾವತಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ಅರಮನೆ ಅಂದರೆ ಹಾರಾಡುವ ಮಂಟಪಗಳ ಹಿಂಡು. ರಾಣಿ ಶಂಖ ಊದಿದರೆ ನಾಟ್ಯಮಂಟಪ ಬಂದು ಕೂಡಿಕೊಳ್ಳುತ್ತಿತ್ತು. ಮತ್ತೆ ಊದಿದರೆ ಹಾರಿಹೋಗುತ್ತಿತ್ತು. ಮೀಯುವ ಮಂಟಪವನ್ನು ಕರೆದರೆ ಬಾವಿಮಂಟಪವೂ ಹಿಂದೆಯೇ ಬರುತ್ತಿತ್ತು, ನೀರಿಲ್ಲದೆ ಮೀಯುವುದುಂಟೆ? ಕಟ್ಟಳೆ ಒಂದೇ: ಒಂದನ್ನು ಇನ್ನೊಂದು ಆತುಕೊಂಡಿದ್ದರೆ ಆಸರೆಯಾದದ್ದನ್ನು ಕಳಿಸುವಂತಿಲ್ಲ, ಕಳಿಸಿದರೆ ಆತುಕೊಂಡದ್ದು ಉದುರುತ್ತದೆ.

ಅಂಟುಜಡೆ ಎಂಬ ಮಾಂತ್ರಿಕ ತನ್ನ ಕರಿಮಂಟಪದಲ್ಲಿ ನೆಂಟನಂತೆ ಬಂದ. ಬಂದವನು ಎಲ್ಲ ಮಂಟಪಗಳನ್ನೂ ಇದ್ದ ಆಸರೆಯಿಂದ ಬಿಡಿಸಿ, ತನ್ನ ಜಡೆಯ ಕೂದಲೆಳೆಯಿಂದ ತನ್ನದಕ್ಕೆ ಬಿಗಿದ. ಅವನನ್ನು ಕಳಿಸಿದರೆ ರಾಜ್ಯವೇ ಉದುರಬೇಕು. ತನ್ನ ಜಡೆ ಹೆಣೆಯಲಿಕ್ಕೆಂದು ಚಪ್ಪರ ಕಟ್ಟುವವರ ಮಗಳು ನಿಂಬವ್ವನನ್ನೂ ಹೊತ್ತೊಯ್ದ.

ಊರೂರು ಅಲೆಯುತ್ತಿದ್ದ ಅವಳ ತಮ್ಮ ಮಾಳಿಂಗ ಸುದ್ದಿ ಕೇಳಿ ಕುಡುಗೋಲು ಹಿಡಿದು ಓಡಿಬಂದ. ಬಂದವನೇ ಕಂಡ ಎಳೆಯನ್ನು ಕತ್ತರಿಸಿದ. ಖಾಲಿ ಗಂಟೆಮಂಟಪವೊಂದು ಗಿರಗಿರನೆ ತಿರುಗಿ ಪಾತಾಳಕ್ಕೆ ಬಿತ್ತು.

ಕರಿಮಂಟಪದ ಕಿಟಕಿಯಿಂದ ಅಕ್ಕ ಬೈದಳು: "ಎಷ್ಟು ಊರು ತಿರುಗಿದರೂ ನಿನ್ನ ಆತುರ ಹೋಗಲಿಲ್ಲವಲ್ಲೋ. ಚಪ್ಪರ ಬಿಚ್ಚೋ ಮುಂಚೆ ಅಪ್ಪ ಕಂಬ ಕಂಬಕ್ಕೂ ಏನು ಕೇಳ್ತಿದ್ದ?"

ಮಾಳಿಂಗನಿಗೆ ನಾಚಿಕೆಯಾಯಿತು. ಮೀಯುವ ಮಂಟಪದ ಹೊಸಿಲಲ್ಲಿ ಕಲ್ಲುಹುಲಿ ಹಲ್ಲು ಕಿರಿಯಿತು. ಅದರ ತಲೆ ಸವರಿ, ಅಪ್ಪ ಕಂಬಗಳನ್ನು ಕೇಳುತ್ತಿದ್ದಂತೆಯೇ, ನಿನಗೆ ಯಾರು ಬೇಕು ಅಂತ ಕೇಳಿದ. ಬಾವಿಯೊಂದು ಸಾಕು ಅಂದಿತು ಹುಲಿ. ಮೀಯುವ ಮಂಟಪವನ್ನು ಬಾವಿಮಂಟಪಕ್ಕೆ ಕಟ್ಟಿ ಎಳೆ ಕತ್ತರಿಸಿದ, ಮಂಟಪ ಬೀಳದೆ ನಿಂತಿತು. ಹೀಗೇ ಕೇಳುತ್ತಾ ಕೇಳುತ್ತಾ ನಡೆದ.

ಅಡುಗೆಮಂಟಪ ಕಣಜ ಬೇಕೆಂದಿತು. ಕಣಜ, ಇಲಿ ಕಾಯಲು ಬೆಕ್ಕಿನ ಮಂಟಪ ಬೇಕೆಂದಿತು. ಬೆಕ್ಕಿಗೋ ಅಡುಗೆಮಂಟಪದ ಹಾಲೇ ಬೇಕು. ಒಂದರ ಬಾಲ ಒಂದು ಹಿಡಿದು ಸುತ್ತುವ ಮೂರರಲ್ಲಿ ಯಾವುದನ್ನು ಮೊದಲು ನಿಲ್ಲಿಸುವುದು? ಮಾಳಿಂಗ ತಲೆ ಕೆರೆದುಕೊಂಡ. ಆಮೇಲೆ ಅಡುಗೆಮಂಟಪದ ಹಸುವನ್ನು ಹೊರತಂದು ಅದಕ್ಕೇ ಯಾವುದನ್ನೂ ಆತುಕೊಳ್ಳದ ಬೇರೆ ಪುಟ್ಟ ಚಪ್ಪರ ಹಾಕಿದ. ಬೆಕ್ಕು ಹಸುವನ್ನು ಆತುಕೊಂಡಿತು, ಕಣಜ ಬೆಕ್ಕನ್ನು, ಅಡುಗೆ ಕಣಜವನ್ನು. ಎಳೆ ಕತ್ತರಿಸಿದಾಗ ಮೂರೂ ಬರಿಯ ಗಾಳಿಯಲ್ಲಿ ಹೂವಿನಂತೆ ನಿಂತವು. ನೋಡುತ್ತಿದ್ದ ಜನ ಉಸಿರಾಡುವುದನ್ನೇ ಮರೆತರು.

ಉಳಿದದ್ದು ಅಕ್ಕನ ಜಡೆಯನ್ನು ಕರಿಮಂಟಪಕ್ಕೆ ಹೆಣೆದ ಒಂದೇ ಎಳೆ. ಕತ್ತರಿಸಿದರೆ ಅವಳೂ ಗಂಟೆಮಂಟಪದ ದಾರಿಯೇ ಅಂತ ಮಾಂತ್ರಿಕ ನಕ್ಕ.

ಮಾಳಿಂಗ ಕುಡುಗೋಲು ತಗ್ಗಿಸಿ ಕಿಟಕಿಯ ಕೆಳಗೆ ಬಂದು ನಿಂತ. "ಅಕ್ಕಾ, ನಿನಗೆ ಯಾರು ಬೇಕು?"

"ಒಂದು ಕಡೆ ನಿಲ್ಲದವನು ನೀನು. ಹಿಡ್ಕೋತೀಯೇನೋ?"

"ಹಿಡ್ಕೋತೀನಿ."

"ಹಾಗಾದ್ರೆ ಕತ್ತರಿಸು," ಅಂದವಳೇ ಕಿಟಕಿಯಿಂದ ಕಾಲು ಹೊರಗಿಟ್ಟಳು.

ಎಳೆ ಹರಿಯಿತು. ಅಕ್ಕ ಬಂದು ತಮ್ಮನ ತೋಳಿಗೆ ಬಿದ್ದಳು. ರಾಣಿ ಶಂಖ ಊದಿದಳು. ಯಾರೂ ಆತುಕೊಳ್ಳದ ಕರಿಮಂಟಪ, ಒಳಗೆ ಬೊಬ್ಬಿಡುವ ಮಾಂತ್ರಿಕನ ಸಮೇತ, ಎಕ್ಕದ ಹತ್ತಿಯಂತೆ ತೇಲಿ ಕಣ್ಮರೆಯಾಯಿತು.

ತೇಲಾವತಿಯ ಜನ ಬೇಕಾದ್ದನ್ನು ಕರೆದು, ಸಾಕಾದ್ದನ್ನು ಕಳಿಸಿ, ತಣ್ಣಗೆ ಬಾಳಿದರು. ಮಾಳಿಂಗ ಹೊಸ ಗಂಟೆಮಂಟಪ ಕಟ್ಟಿಕೊಟ್ಟು ಮತ್ತೆ ಊರೂರು ಹೊರಟ. ಈ ಸಲ ಅಕ್ಕ ಮುಂದೆ, ಅವನು ಹಿಂದೆ.